ಎಡಗಡೆಯ ಸೀಟು

ನನ್ನ ಕಾರಿನ ಎಡಗಡೆಯ ಸೀಟಿನ ಮೇಲೆ ಒಂದು ಬೈರಾಸು ಉಂಟು. ನಮ್ಮ ಕಡೆ ಟವೆಲಿಗೆ ಬೈರಾಸು ಅನ್ನುತ್ತೇವೆ. ಬಿಳಿಯದು, ಕೆಂಪು ಅಂಚಿನದು. ಒಗೆದು ಒಗೆದು ಅಂಚಿನ ಕೆಂಪು ಪಕ್ಕದ ಬಿಳಿಗೂ ಸ್ವಲ್ಪ ಹರಡಿದೆ. ಕಾರ್ಕಳದಿಂದ ಮಣಿಪಾಲಕ್ಕೆ ದಿನಾ ಹೋಗಿಬರುವವಳು ನಾನು. ದಾರಿಯಲ್ಲಿ ಗೊತ್ತಿರುವವರು ಕೈ ತೋರಿಸಿದರೆ ನಿಲ್ಲಿಸುತ್ತೇನೆ. ಮೊನ್ನೆ ಹಿರಿಯಡ್ಕದಲ್ಲಿ ಒಬ್ಬರು ಹೆಂಗಸು ಎದುರಿನ ಬಾಗಿಲು ತೆಗೆದು, ಕೂರಲು ಬಗ್ಗಿ, ಬೈರಾಸು ನೋಡಿ ತಡೆದರು. "ಓ, ಸೀಟ್ ಹಿಡಿದದ್ದಾ?" ಎಂದು ಅವರೇ ಕೇಳಿ, ಅವರೇ ಹೌದೆಂದುಕೊಂಡು, ಬಾಗಿಲು ಮುಚ್ಚಿ ಹಿಂದೆ ಹೋಗಿ ಕುಳಿತರು. ನಾನು ಕಾರು ಮುಂದೆ ಬಿಟ್ಟೆ.

ಬಸ್ಸಿನಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಸ್ಸು ಸ್ಟ್ಯಾಂಡಿಗೆ ಬರುವ ಮೊದಲೇ ಅದರ ಜೊತೆ ಓಡುತ್ತಾ ಕಿಟಕಿಯಿಂದ ಏನಾದರೊಂದು ಒಳಗೆ ಎಸೆದುಬಿಟ್ಟರೆ ಆ ಸೀಟು ನಮ್ಮದು. ಕೆಲವರು ಕೊಡೆ ಎಸೆಯುತ್ತಿದ್ದರು, ಕೆಲವರು ಕರವಸ್ತ್ರ, ಕೆಲವರು ಬೈರಾಸು. ನನ್ನ ತವರು ಕಾಪು. ಉಡುಪಿಗೆ ಹೋಗುವ ದಿನ ನನ್ನ ಅಮ್ಮ ಎಸೆಯುತ್ತಿದ್ದುದು ನನ್ನನ್ನು. ಕಂಕುಳಿಗೆ ಕೈ ಕೊಟ್ಟು ಎತ್ತಿ, ಕಿಟಕಿಯಿಂದ ಒಳಗೆ ತೂರಿಸಿ, "ಅಡ್ಡ ಮಲಗು!" ಎಂದು ಹೊರಗಿನಿಂದ ಕೂಗುತ್ತಿದ್ದರು. ನಾನು ಎರಡು ಜನರ ಸೀಟಿನ ಮೇಲೆ ಉದ್ದಕ್ಕೆ ಮಲಗಿ, ಬಂದವರನ್ನೆಲ್ಲ ದಿಟ್ಟಿಸಿ ನೋಡುತ್ತಿದ್ದೆ. ಒಮ್ಮೆ ಅಮ್ಮನಿಗೆ ಹತ್ತಲಿಕ್ಕೇ ಆಗದೆ ಬಸ್ಸು ಹೊರಟು, ನಾನೊಬ್ಬಳೇ ಮಲಗಿಕೊಂಡು ಉದ್ಯಾವರದ ತನಕ ಹೋದದ್ದೂ ಉಂಟು. ಸೀಟು ಮಾತ್ರ ಯಾರಿಗೂ ಬಿಟ್ಟುಕೊಡಲಿಲ್ಲ.

ಈ ಬೈರಾಸು ನನ್ನ ಮಾವನದು, ಎಂದರೆ ನನ್ನ ಗಂಡ ಸುಧೀರರ ತಂದೆಯದು. ಅವರು ಬಸ್ಸಿನ ಡ್ರೈವರ್ ಆಗಿದ್ದವರು. ಪ್ರಾಯವೆಲ್ಲ ಕಳೆದದ್ದು ಖಾಸಗಿ ಬಸ್ಸಿನ ಸ್ಟೇರಿಂಗ್ ಹಿಂದೆ. ಮೊದಲು ಕಾರ್ಕಳ–ಉಡುಪಿ, ಕೊನೆಯ ವರ್ಷಗಳಲ್ಲಿ ಬೆಳ್ಮಣ್, ಶಿರ್ವದ ಮೇಲೆ ಕಾಪುವಿಗೆ.

ಮದುವೆಯಾಗಿ ಬಂದಾಗ ನನಗೆ ಅವರನ್ನು ಕಂಡರೆ ಹೆದರಿಕೆ ಇತ್ತು. ಬೈಯುತ್ತಿರಲಿಲ್ಲ, ಗದರುತ್ತಿರಲಿಲ್ಲ. ಸುಮ್ಮನೆ ಉತ್ತರ ಕೊಡುತ್ತಿರಲಿಲ್ಲ. ಊಟಕ್ಕೆ ಕೂತಲ್ಲಿ "ಮಾವ, ಸಾರು ಬಡಿಸಲಾ?" ಎಂದು ಕೇಳಿದರೆ ಕಿಟಕಿಯ ಹೊರಗೆ ನೋಡುತ್ತಿದ್ದರು. ಆಗ ಅತ್ತೆ ಅವರ ಬಲಗಡೆಯಲ್ಲಿ, ಕಿಟಕಿ ಮತ್ತು ಮೇಜಿನ ನಡುವೆ ಬಗ್ಗಿ ನಿಂತು, "ಸಾರು ಬೇಕಾ ಅಂತ ಕೇಳ್ತಾಳೆ" ಅನ್ನುತ್ತಿದ್ದರು. "ಸ್ವಲ್ಪ ಸಾಕು ಅಂತ ಹೇಳು," ಎಂದು ಮಾವ ಅತ್ತೆಗೆ ಹೇಳುತ್ತಿದ್ದರು. ಅತ್ತೆ ನನಗೆ ಹೇಳುತ್ತಿದ್ದರು. ನಾನು ಇದ್ದದ್ದು ಒಂದು ಕೈ ದೂರದಲ್ಲಿ. ಮಾವ ಸೊಸೆ ಎದುರೆದುರು ಮಾತಾಡದಿರುವುದು ಹಳೆಯ ಮನೆಗಳ ಮರ್ಯಾದೆ ಎಂದು ನಾನು ತಿಳಿದುಕೊಂಡೆ. ನನ್ನ ಅಮ್ಮನೂ, "ಗಾಂಭೀರ್ಯದ ಜನ, ಪುಣ್ಯ ಮಾಡಿದ್ದೀ," ಎಂದರು.

ಅತ್ತೆ ತೀರಿಕೊಂಡ ಮೇಲೆ ನಡುವೆ ಹೇಳುವವರು ಇಲ್ಲವಾಯಿತು. ಮಾವ ಗೋಡೆಗೆ, ಟೀವಿಗೆ, ಬೆಕ್ಕಿಗೆ ಹೇಳಲು ಸುರು ಮಾಡಿದರು. "ಚಾ ಆದ ಹಾಗೆ ಕಾಣುವುದಿಲ್ಲ," ಎಂದು ಬೆಕ್ಕಿಗೆ ಹೇಳಿದರೆ ನಾನು ಚಾ ಇಡುತ್ತಿದ್ದೆ. ಬೆಕ್ಕು ನನ್ನನ್ನು ನೋಡುತ್ತಿತ್ತು.

ಇನ್ನು ಕಾರಿನ ವಿಷಯ. ಮಣಿಪಾಲದ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವುದು ನನ್ನ ಕೆಲಸ. ಬಸ್ಸಿನಲ್ಲೇ ಹೋಗಿಬರುತ್ತಿದ್ದೆ. ಮಂಡಿ ನೋವು ಸುರುವಾದ ಮೇಲೆ ನಿಂತುಕೊಂಡು ಹೋಗುವುದು ಕಷ್ಟವಾಯಿತು. ನಮಗೆ ಎಟಕುವ ಕ್ರಯದ್ದು, ಇದ್ದದ್ದರಲ್ಲಿ ಸಣ್ಣದು, ಎಂದು ಹುಡುಕಿ ಈ ಎಲೆಕ್ಟ್ರಿಕ್ ಕಾರು ತೆಗೆದುಕೊಂಡೆ. ಸುಧೀರರಿಗೆ ಕಾರ್ಕಳದಲ್ಲಿ ಪಂಪ್‌ಸೆಟ್ ರಿಪೇರಿಯ ಅಂಗಡಿ ಉಂಟು. ದಿನವಿಡೀ ಮೋಟಾರು ಬಿಚ್ಚಿ ಕಟ್ಟುವ ಅವರಿಗೆ ಮೋಟಾರಿನಿಂದ ಓಡುವ ಕಾರು ಮಾತ್ರ ಹಿಡಿಸಲಿಲ್ಲ. "ಇದು ಕಾರಲ್ಲ ಮಾರಾಯ್ತಿ, ಮಿಕ್ಸಿ," ಎಂದರು. ಆದರೂ ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಗೋಡೆಗೆ ದಪ್ಪ ವಯರು ಎಳೆದು ಪ್ಲಗ್ ಪಾಯಿಂಟ್ ಹಾಕಿಕೊಟ್ಟದ್ದು ಅವರೇ. ಮಳೆಯ ಹನಿ ಬೀಳದ ಹಾಗೆ ಅದರ ಮೇಲೆ ತಗಡಿನ ಸಣ್ಣ ಮಾಡು ಕೂಡ ಇಟ್ಟರು.

ಮೊದಲ ತಿಂಗಳು ನಾನು ರಸ್ತೆ ನೋಡಿದ್ದಕ್ಕಿಂತ ಎದುರಿನ ಪರದೆಯ ಅಂಕಿ ನೋಡಿದ್ದು ಹೆಚ್ಚು. ಇನ್ನು ಇಷ್ಟು ಕಿಲೋಮೀಟರು ಹೋಗಬಹುದು ಎಂದು ಅದು ತೋರಿಸುತ್ತದೆ. ಏರು ಬಂದರೆ ಸರಸರ ಇಳಿಯುತ್ತದೆ, ಇಳಿಜಾರಿನಲ್ಲಿ ತಿರುಗಿ ಸ್ವಲ್ಪ ಕೊಡುತ್ತದೆ. ಪರ್ಕಳದಿಂದ ಮಣಿಪಾಲದ ಕಡೆ ಏರುವಾಗ ನಾನು ಎ.ಸಿ. ಬಂದ್ ಮಾಡಿ, ಮುಂದಕ್ಕೆ ಬಗ್ಗಿ ಕೂರುತ್ತಿದ್ದೆ. ನಾನು ಬಗ್ಗಿದರೆ ಕಾರಿಗೆ ಹಗುರಾಗುತ್ತದೆ ಎಂದು. ಬೆವತು ಕಚೇರಿಗೆ ಹೋದರೆ, "ಓಡಿಕೊಂಡು ಬಂದದ್ದಾ, ಕಾರು ತೆಗೆದದ್ದಲ್ವಾ?" ಎಂದು ಕೇಳುತ್ತಿದ್ದರು.

ಆ ವರ್ಷವೇ ಮಾವನ ಮೂತ್ರಪಿಂಡ ಕೆಟ್ಟಿತು. ವಾರಕ್ಕೆ ಮೂರು ಸಲ ಮಣಿಪಾಲದಲ್ಲಿ ಡಯಾಲಿಸಿಸ್ ಆಗಬೇಕು ಎಂದರು. ಮಾವ ಹೋಗುವುದಿಲ್ಲ ಎಂದು ಕೂತರು. ಬಸ್ಸಿನಲ್ಲಿ ಹೋದರೆ ಡ್ರೈವರ್, ಕಂಡಕ್ಟರ್ ಎಲ್ಲ ಗುರ್ತದವರು. ಎದ್ದು ಸೀಟು ಬಿಡುತ್ತಾರೆ, ಇಳಿಯುವಾಗ ರಟ್ಟೆ ಹಿಡಿಯುತ್ತಾರೆ. ಅದು ಅವರಿಗೆ ಬೇಡ. ಅವರು ಬೆಕ್ಕಿಗೆ ಹೇಳಿದ್ದನ್ನು ಕೇಳಿ ಇದು ನನಗೆ ಅರ್ಥವಾದದ್ದು. "ನನ್ನ ಜೊತೆ ಕಾರಿನಲ್ಲಿ ಬನ್ನಿ," ಎಂದು ನಾನೂ ಬೆಕ್ಕನ್ನು ನೋಡಿ ಗಟ್ಟಿಯಾಗಿ ಹೇಳಿದೆ. ಮರುದಿನ ಬೆಳಿಗ್ಗೆ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹೆಗಲಿಗೆ ಬೈರಾಸು ಹಾಕಿಕೊಂಡು, ಕಾರಿನ ಹತ್ತಿರ ನಿಂತಿದ್ದರು. ಅಭ್ಯಾಸಬಲದಿಂದ ಬಲಗಡೆಯ ಬಾಗಿಲ ಹತ್ತಿರ. ಆಮೇಲೆ ನೆನಪಾಗಿ ಸುತ್ತು ಬಂದು ಎಡಗಡೆ ಕುಳಿತರು.

ಎಡಗಡೆ ಕೂತು ಅವರಿಗೆ ಗೊತ್ತಿರಲಿಲ್ಲ. ತಿರುವು ಬಂದಾಗ ಬಲಗಾಲು ತನ್ನಷ್ಟಕ್ಕೆ ಬ್ರೇಕ್ ಹುಡುಕಿ ಕಾಲಡಿಯ ಚಾಪೆ ಒತ್ತುತ್ತಿತ್ತು. "ಸ್ಟಾರ್ಟ್ ಆಗಿದೆಯಾ?" ಎಂದು ಎದುರಿನ ಗಾಜಿಗೆ ಕೇಳಿದರು. "ಆಗಿದೆ ಮಾವ," ಎಂದೆ. ಆಮೇಲೆ ಇಬ್ಬರೂ ಮಾತಾಡಲಿಲ್ಲ. ಪೆಟ್ರೋಲ್ ಕಾರಿನಲ್ಲಾದರೆ ಸದ್ದಿನ ಮರೆ ಇರುತ್ತದೆ. ಇದರಲ್ಲಿ ನಾನು ಎಂಜಲು ನುಂಗಿದ್ದೂ ಕೇಳುತ್ತಿತ್ತು. ಬೈಲೂರು ದಾಟಿದ ಮೇಲೆ ಪರದೆಯ ಅಂಕಿ ನೋಡಿ ನಾನು ಬಾಯೊಳಗೇ, "ದೇವರೇ, ಇಷ್ಟೇ ಉಂಟಾ," ಎಂದುಕೊಂಡೆ.

"ಸಾಕು," ಎಂದರು ಮಾವ. "ಆತ್ರಾಡಿ ತನಕ ಏರು ಹೆಚ್ಚಿಲ್ಲ. ಪರ್ಕಳದಲ್ಲಿ ಮಾತ್ರ."

ನಾನು ಸ್ಟೇರಿಂಗ್ ಗಟ್ಟಿ ಹಿಡಿದೆ. ಊಟದ ಮೇಜಿನಲ್ಲಿ ಮೂರು ಸಲ ಕರೆದರೂ ತಿರುಗದ ಮನುಷ್ಯ, ನಾನು ಬಾಯೊಳಗೇ ಅಂದುಕೊಂಡದ್ದಕ್ಕೆ ಉತ್ತರ ಕೊಟ್ಟಿದ್ದರು.

ಹಾಗೆ ಸುರುವಾಯಿತು. ನಾವು ಆಡುತ್ತಿದ್ದುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅದರ ರುಚಿ ಸ್ವಲ್ಪ ಹೋಗುತ್ತದೆ. ಕಾರು ಹತ್ತಿದ ಕೂಡಲೇ ಮಾವ, "ಎಷ್ಟು ಉಂಟು?" ಎಂದು ಕೇಳುವರು. ನಾನು ಅಂಕಿ ಹೇಳುವೆ. ಆಮೇಲೆ ಅವರ ಬಸ್ಸಿನ ಕಾಲದ ಕತೆಗಳು: ಹಿಂದಿನ ಟೈಮಿಂಗಿನ ಬಸ್ಸಿನವರು ಇವರ ಬಸ್ಸಿಗೆ ಕಾದಿದ್ದ ಜನರನ್ನು ಎತ್ತಿಕೊಂಡು ಹೋದದ್ದು, ಅದಕ್ಕೆ ಇವರು ಮಾಡಿದ ಜಗಳಗಳು, ಹೆಬ್ರಿಯ ಮದುವೆ ದಿಬ್ಬಣದವರನ್ನು ಬೇರೆ ಕಲ್ಯಾಣಮಂಟಪದ ಎದುರು ಇಳಿಸಿ, ಅವರು ಅಲ್ಲೇ ಪಾನಕ ಕುಡಿದು ಕೂತದ್ದು. ನಾನು ನಕ್ಕರೆ ಇನ್ನೊಂದು ಹೇಳುವರು. ಮಣಿಪಾಲದ ಇಳಿಜಾರಿನಲ್ಲಿ ಕಾರು ಚಾರ್ಜ್ ತಿರುಗಿ ತುಂಬಿಸಿಕೊಳ್ಳುವುದನ್ನು ನೋಡಿ ಮಾತ್ರ ಅವರು ಸುಮ್ಮನಾಗಿಬಿಡುತ್ತಿದ್ದರು. "ನಾನು ಇದೇ ಇಳಿಜಾರಿನಲ್ಲಿ ಬ್ರೇಕ್ ಸುಟ್ಟದ್ದೇ ಸುಟ್ಟದ್ದು," ಎಂದರು ಒಂದು ದಿನ. "ಎಲ್ಲ ಹೊಗೆಯಾಗಿ ಹೋಯ್ತಲ್ಲ ವಾರಿಜ."

ನನ್ನ ಹೆಸರು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು.

ಆಸ್ಪತ್ರೆಯಲ್ಲಿ ಇಳಿಯುವಾಗ ಬೈರಾಸನ್ನು ಸೀಟಿನ ಮೇಲೆ ಹಾಸಿ ಹೋಗುತ್ತಿದ್ದರು. "ಯಾರೂ ಬರುವುದಿಲ್ಲ ಮಾವ, ಇದು ನಮ್ಮದೇ ಕಾರು," ಎಂದರೆ, "ಇರಲಿ, ಹೇಳ್ಲಿಕ್ಕೆ ಆಗುವುದಿಲ್ಲ. ನೀನು ದಾರಿಯಲ್ಲಿ ಕಂಡವರನ್ನೆಲ್ಲ ಹತ್ತಿಸ್ತಿ," ಅನ್ನುವರು. ಅವರನ್ನು ಬಿಟ್ಟು ನಾನು ಕಚೇರಿಗೆ ಹೋಗಿ ಕಾರನ್ನು ಪ್ಲಗ್ಗಿಗೆ ಹಾಕುತ್ತಿದ್ದೆ. ಮಧ್ಯಾಹ್ನ ನೋಡಲು ಹೋದರೆ ಯಂತ್ರದ ಪಕ್ಕ ಮಲಗಿದಲ್ಲಿಂದಲೇ, "ಕಾರಿಗೆ ಹಾಕಿದೆಯಾ?" ಎಂದು ಕೇಳುವರು. "ಹಾಕಿದ್ದೇನೆ." "ನನಗೂ ಹಾಕಿದ್ದಾರೆ. ಯಾರದ್ದು ಮೊದಲು ಫುಲ್ ಆಗ್ತದೆ ನೋಡುವ."

ಆದರೆ ಮನೆಗೆ ಬಂದ ಮೇಲೆ ಮಾತು ನಿಂತುಬಿಡುತ್ತಿತ್ತು. ಒಂದು ದಿನ ಸಂಜೆ ಕಾರಿನಲ್ಲಿ ಅರ್ಧಕ್ಕೆ ನಿಂತ ಕತೆಯನ್ನು ಊಟದ ಹೊತ್ತಿಗೆ ನಾನೇ ಕೇಳಿದೆ: "ಮಾವ, ಆಮೇಲೆ ಆ ಕಂಡಕ್ಟರ್ ಎಂತ ಮಾಡಿದ?" ಮಾವ ಕಿಟಕಿಯ ಹೊರಗೆ ನೋಡುತ್ತಾ ಊಟ ಮಾಡಿದರು. ಪಕ್ಕದಲ್ಲಿದ್ದ ಸುಧೀರ ನನ್ನನ್ನು ನೋಡಿ ಹುಬ್ಬು ಹಾರಿಸಿದರು, ನಾನು ಹೇಳಲಿಲ್ಲವಾ ಎಂಬ ಹಾಗೆ. ನನ್ನ ಮುಖ ಬಿದ್ದುಹೋಯಿತು. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಕಾರಿನಲ್ಲಿ ಮಾವ ತಾವಾಗಿಯೇ, "ಮೊನ್ನೆ ಎಲ್ಲಿಗೆ ನಿಲ್ಲಿಸಿದೆ? ಆ ಕಂಡಕ್ಟರ್..." ಎಂದು ಸುರು ಮಾಡಿದರು.

ನಾನು ಕರಡು ತಿದ್ದುವವಳು. ಒಂದೇ ತಪ್ಪು ಮತ್ತೆ ಮತ್ತೆ ಬಂದರೆ ಅದು ಬರೆದವರ ತಪ್ಪಲ್ಲ, ಅಚ್ಚಿನಲ್ಲಿ ಎಲ್ಲೋ ಇದೆ ಎಂದು ಗೊತ್ತಾಗುತ್ತದೆ. ಹಿರಿಯಡ್ಕದ ಹತ್ತಿರ ಕಾರು ಬದಿಗೆ ನಿಲ್ಲಿಸಿ ಕೇಳಿದೆ. "ಮಾವ, ನಿಮಗೆ ಮನೆಯಲ್ಲಿ ನಾನು ಮಾತಾಡುವುದು ಕೇಳುವುದಿಲ್ಲವಾ?"

ಅವರು ಎಡಗಿವಿಯನ್ನು ಬೆರಳಿನಿಂದ ಮುಟ್ಟಿ ತೋರಿಸಿದರು. "ಇದು ಇಂಜಿನಿಗೆ ಹೋಯ್ತು."

ಹಳೆಯ ಬಸ್ಸುಗಳಲ್ಲಿ ಇಂಜಿನ್ ಇರುತ್ತಿದ್ದುದು ಡ್ರೈವರನ ಎಡಗಡೆಯಲ್ಲಿ, ಮೊಣಕೈಗೆ ತಾಗುವ ಹಾಗೆ. ಅಷ್ಟು ವರ್ಷ ಅದರ ಪಕ್ಕ ಕೂತ ಕಿವಿ ಸ್ವಲ್ಪ ಸ್ವಲ್ಪವೇ ಸತ್ತುಹೋಗಿತ್ತು. ಬಸ್ಸಿನ ಧಣಿಗೆ ಗೊತ್ತಾದರೆ ಸ್ಟೇರಿಂಗ್ ಕೊಡುವುದಿಲ್ಲ ಎಂದು ಮೊದಲು ಮುಚ್ಚಿಟ್ಟರು. ಮುಚ್ಚಿಟ್ಟು ಅಭ್ಯಾಸವಾಯಿತು. ಗೊತ್ತಿದ್ದದ್ದು ಅತ್ತೆಗೆ ಒಬ್ಬರಿಗೇ. ಊಟದ ಹೊತ್ತಿಗೆ ಅವರು ಕಿಟಕಿಯ ಕಡೆ ತೂರಿ ಬಂದು ನಿಲ್ಲುತ್ತಿದ್ದುದು ಬಲಗಿವಿಗಾಗಿ. ಮನೆಯಲ್ಲಿ ಮಾವ ಎಲ್ಲಿ ಕೂತರೂ ಬಲಗಡೆಗೆ ಕಿಟಕಿ ಇರಬೇಕಿತ್ತು, ಬಸ್ಸಿನಲ್ಲಿದ್ದ ಹಾಗೆ. ಹಾಗಾಗಿ ನಾವೆಲ್ಲ ಅವರ ಎಡಗಡೆಗೆ ಇದ್ದೆವು, ಬಸ್ಸಿನ ಜನರ ಹಾಗೆ. ಸತ್ತ ಕಿವಿಯ ಕಡೆಯಿಂದ ಅಷ್ಟು ವರ್ಷ ಮಾತಾಡಿ, ಉತ್ತರ ಬಾರದ್ದನ್ನು ಗಾಂಭೀರ್ಯ ಎಂದು ಕರೆದೆವು.

"ನೀನು ಮಾತು ಕಡಿಮೆಯವಳು ಅಂತ ನಾನು ತಿಳಿದದ್ದು," ಎಂದರು ಮಾವ. "ನಿನ್ನ ಅತ್ತೆ ಹತ್ತಿರವೂ ಹೇಳಿದ್ದೆ. ಓದಿದ ಹುಡುಗಿ, ನಮ್ಮ ಹತ್ತಿರ ಮಾತಾಡ್ಲಿಕ್ಕೆ ಅವಳಿಗೆ ಎಂತ ಉಂಟು ಅಂತ."

ಕಾರು ನಿಂತಿತ್ತೋ ಚಾಲೂ ಇತ್ತೋ, ಸದ್ದಿನಿಂದ ತಿಳಿಯುವ ಹಾಗಿರಲಿಲ್ಲ.

ಸುಧೀರರ ಸಂಗತಿ ಬಂದದ್ದು ಆಮೇಲೆ, ಬೇಸಗೆಯಲ್ಲಿ. "ಅವನು ಅಂಗಡಿ ಹಾಕುವಾಗ ನನ್ನ ಹತ್ತಿರ ಒಂದು ಮಾತು ಕೇಳಲಿಲ್ಲ," ಎಂದರು ಮಾವ. ದೂರುವ ಹಾಗೆ ಹೇಳಲಿಲ್ಲ, ಬಸ್ಸು ತಪ್ಪಿದ್ದನ್ನು ಹೇಳುವ ಹಾಗೆ ಹೇಳಿದರು. ಮದುವೆಯಾದ ಹೊಸತರಲ್ಲಿ ಸುಧೀರ ನನಗೆ ಹೇಳಿದ್ದು ಬೇರೆ: "ಅಂಗಡಿ ಇಡಲಾ ಅಂತ ಅಪ್ಪನ ಹತ್ತಿರ ಕೇಳಿದೆ. ಊಟ ಮಾಡ್ತಾ ಇದ್ರು. ತಲೆ ಎತ್ತಲಿಲ್ಲ. ಅವರಿಗೆ ನಾನು ಎಂತ ಮಾಡಿದ್ರೂ ಆಗುವುದಿಲ್ಲ." ಅಂದಿನಿಂದ ಅಪ್ಪ ಮಗನ ನಡುವೆ ಹೆಚ್ಚು ಮಾತಿಲ್ಲ. ಅಂಗಡಿ ಪೂಜೆಯ ದಿನ ಮಾವ ಬಂದು, ಹೊರಗೆ ನಿಂತು, ಪ್ರಸಾದ ತೆಗೆದುಕೊಂಡು ಹೋದದ್ದನ್ನು ಸುಧೀರ ಈಗಲೂ ಹೇಳುತ್ತಾರೆ.

"ಅವರು ಕೇಳಿದ್ದಾರೆ ಮಾವ," ಎಂದೆ. "ನೀವು ಊಟ ಮಾಡುವಾಗ. ನಿಮ್ಮ ಎಡಗಡೆ ಕೂತು."

ಮಾವ ಬೈರಾಸಿನಿಂದ ಮುಖ ಒರೆಸಿಕೊಂಡರು. ಪರ್ಕಳದ ಏರು ಮುಗಿದ ಮೇಲೆ, "ನೀನು ಹೇಳಬೇಡ. ನಾನೇ ಹೇಳ್ತೇನೆ," ಎಂದರು. "ಮನೆಯಲ್ಲಿ ಬೇಡ. ಈ ಕಾರನ್ನು ಅವನು ಬಿಡ್ಲಿ. ನಾನು ಇಲ್ಲಿ ಕೂರ್ತೇನೆ. ಶಿರ್ವದ ಮೇಲೆ ಕಾಪುವಿಗೆ ಹೋಗುವ. ಇಷ್ಟು ವರ್ಷ ಬಸ್ಸು ಬಿಟ್ಟು ಅಲ್ಲಿ ಒಂದು ದಿನ ಸಮುದ್ರದ ಹತ್ತಿರ ಇಳಿಯಲಿಲ್ಲ. ಟೈಮಿಂಗ್ ಎಲ್ಲಿ ಇತ್ತು?"

ಅಂದೇ ಸುಧೀರರಿಗೆ, "ಒಂದು ಭಾನುವಾರ ನೀವು ಕಾರು ಬಿಡಿ, ಮಾವನನ್ನು ಕಾಪುವಿಗೆ ಕರೆದುಕೊಂಡು ಹೋಗಿ," ಎಂದೆ. "ನನಗೆ ಮಿಕ್ಸಿ ಬಿಟ್ಟು ಗೊತ್ತಿಲ್ಲ," ಎಂದರು. ಆಮೇಲೆ, "ಅಪ್ಪ ನನ್ನ ಜೊತೆ ಬರ್ತಾರಾ?" ಎಂದು ಕೇಳಿದರು. ಮೊದಲನೆಯದು ತಮಾಷೆ, ಎರಡನೆಯದು ತಮಾಷೆಯಲ್ಲ. "ಅವರೇ ಹೇಳಿದ್ದು," ಎಂದೆ. ಅವರು ನನ್ನನ್ನು ನೋಡಿ, ಕೈಯ ಗ್ರೀಸ್ ಒರೆಸುತ್ತಲೇ ಇದ್ದರು. ಬೇಸಗೆಯಲ್ಲಿ ತೋಟದವರ ಪಂಪುಗಳೆಲ್ಲ ಒಟ್ಟಿಗೆ ಕೆಡುತ್ತವೆ, ಭಾನುವಾರವೂ ಬಿಡುವಿಲ್ಲ. "ಮಳೆ ಹಿಡಿಯಲಿ. ಮಳೆ ಹಿಡಿದ ಮೊದಲನೇ ಭಾನುವಾರ," ಎಂದರು. ಮಾವನಿಗೆ ಹೇಳಿದೆ. "ಆಗಬಹುದು, ಮಳೆಯಲ್ಲಿ ಸಮುದ್ರ ಚಂದ," ಎಂದರು ಮಾವ. ದಿನಾ ಆಕಾಶ ನೋಡುತ್ತಿದ್ದರು.

ಮಳೆ ಹಿಡಿದದ್ದು ಒಂದು ಮಂಗಳವಾರ. ಗುರುವಾರ ಮಾವನನ್ನು ಆಸ್ಪತ್ರೆಯಲ್ಲಿ ಇಳಿಸಿದೆ. ಬೈರಾಸು ಹಾಸಿದರು. ಬಾಗಿಲು ಮುಚ್ಚುವ ಮೊದಲು ಬಗ್ಗಿ, "ಎಷ್ಟು ಉಂಟು?" ಎಂದು ಎರಡನೆಯ ಸಲ ಕೇಳಿದರು. ಹತ್ತುವಾಗ ಒಮ್ಮೆ ಕೇಳಿ ಆಗಿತ್ತು. "ಮನೆಗೆ ಹೋಗಿ ಮಿಗುತ್ತದೆ ಮಾವ," ಎಂದೆ. ಯಂತ್ರದ ಪಕ್ಕ ಮಲಗಿದಲ್ಲೇ ಅವರ ಹೃದಯ ನಿಂತಿತು. ಕಚೇರಿಗೆ ಫೋನ್ ಬಂದಾಗ ನಾನು ಒಂದು ಪುಟದ ಮಧ್ಯದಲ್ಲಿದ್ದೆ. ಹೋಗಿ ಮುಟ್ಟುವಾಗ ಎಲ್ಲ ಮುಗಿದಿತ್ತು. ಅಲ್ಲಿಯವರು ಮಾಡಬೇಕಾದ್ದೆಲ್ಲ ಮಾಡಿದ್ದರು. ಮುಖ ಕಿಟಕಿಯ ಕಡೆಗೆ ಇತ್ತು.

ಕಿವಿಯ ಸಂಗತಿಯನ್ನು ನಾನು ಸುಧೀರರಿಗೆ ಹೇಳಿದ್ದು ಎಲ್ಲರೂ ಹೊರಟುಹೋದ ಮೇಲೆ, ಊಟದ ಮೇಜಿನ ಹತ್ತಿರ. ನಾನು ಒಂದೊಂದೇ ಹೇಳಿದೆ, ಏನೂ ಸೇರಿಸದೆ. ಅವರು ಮಾವನ ಕುರ್ಚಿ ನೋಡಿದರು. ಆಮೇಲೆ ತಾವು ದಿನಾ ಕೂರುವ ಕುರ್ಚಿ ನೋಡಿದರು. ಎದ್ದು ಅಂಗಳಕ್ಕೆ ಹೋಗಿ ಪ್ಲಗ್ ಪಾಯಿಂಟಿನ ತಗಡು ಗಟ್ಟಿ ಉಂಟಾ ಎಂದು ಅಲ್ಲಾಡಿಸಿ ನೋಡುತ್ತಾ ತುಂಬಾ ಹೊತ್ತು ನಿಂತಿದ್ದರು.

ಅಸ್ಥಿ ಬಿಡಲು ಎಲ್ಲಿಗೆ ಎಂದು ಮಾತು ಬಂದಾಗ, "ಕಾಪು," ಎಂದರು ಸುಧೀರ. "ಯಾರ ಟೆಂಪೋವೂ ಬೇಡ. ಕಾರು ನಾನು ಬಿಡ್ತೇನೆ." ಮಾವನ ತಮ್ಮನಿಗೆ ಇದು ಸರಿಕಾಣಲಿಲ್ಲ. "ಕುಡಿಕೆ ಮಗನ ಮಡಿಲಲ್ಲಿ ಇರಬೇಕು ಮಾರಾಯ. ನೀನು ಡ್ರೈವ್ ಮಾಡಿದರೆ ಅದನ್ನು ಯಾರು ಹಿಡಿಯುವುದು?" ಎಂದು ಕೇಳಿದರು. ಸುಧೀರ ಬಿಳಿ ಬಟ್ಟೆ ಕಟ್ಟಿದ ಮಣ್ಣಿನ ಕುಡಿಕೆಯನ್ನು ಎರಡೂ ಕೈಯಲ್ಲಿ ತಂದು ಎಡಗಡೆಯ ಸೀಟಿನಲ್ಲಿ, ಬೈರಾಸಿನ ಮೇಲೆ ಇಟ್ಟರು. ಬೈರಾಸಿನ ಅಂಚು ಎತ್ತಿ ಸುತ್ತಲೂ ಒತ್ತಿದರು. ನಾನು ಹಿಂದಿನ ಸೀಟಿನಲ್ಲಿ ಕೂತು, ಎರಡು ಸೀಟುಗಳ ನಡುವಿನಿಂದ ಕೈ ಚಾಚಿ ಕುಡಿಕೆಯನ್ನು ಹಿಡಿದುಕೊಂಡೆ. ಮಾವನ ತಮ್ಮ ಮತ್ತು ಉಳಿದವರು ಬೇರೆ ಗಾಡಿಯಲ್ಲಿ ಹಿಂದೆ ಬಂದರು.

ಸುಧೀರ ಗುಂಡಿ ಒತ್ತಿ ಕಾದರು. "ಸ್ಟಾರ್ಟ್ ಆಯ್ತಾ?"

"ಆಯ್ತು."

ಬೆಳ್ಮಣ್ ದಾಟಿದೆವು. ಮಳೆ ಬಂದು ಬಿಟ್ಟಿತ್ತು. ಗದ್ದೆಗಳಲ್ಲಿ ನೀರು ನಿಂತಿತ್ತು. ಶಿರ್ವದ ಪೇಟೆಯಲ್ಲಿ ಒಂದು ಬಸ್ಸು ಎದುರಿಗೆ ಬಂದು, ಅದರ ಡ್ರೈವರ್ ನಮ್ಮನ್ನು ಗುರುತಿಸಿ ಹಾರ್ನ್ ಹಾಕದೆ ಬದಿಗೆ ತೆಗೆದು ದಾರಿ ಬಿಟ್ಟ. ಪೇಟೆ ದಾಟಿದ ಮೇಲೆ ಸುಧೀರ ವೇಗ ಕಡಿಮೆ ಮಾಡಿದರು. ಏನಾದರೂ ಅಡ್ಡ ಬಂತಾ ಎಂದು ನಾನು ಎದುರು ನೋಡಿದೆ. ರಸ್ತೆ ಖಾಲಿ ಇತ್ತು.

"ಅಪ್ಪ," ಎಂದರು ಸುಧೀರ. ಎದುರಿನ ರಸ್ತೆ ನೋಡುತ್ತಲೇ ಹೇಳಿದರು. ನನಗೆ ಹೇಳಿದ್ದಲ್ಲ. "ನಾನೊಂದು ಪಂಪ್‌ಸೆಟ್ಟಿನ ಅಂಗಡಿ ಇಡಲಾ ಅಂತ. ಎಂತ ಹೇಳ್ತೀರಿ?"

ನನ್ನ ಕೈ ಕುಡಿಕೆಯ ಮೇಲೆ ಹಾಗೇ ಇತ್ತು. ಕಾರು ಸದ್ದಿಲ್ಲದೆ ಹೋಗುತ್ತಿತ್ತು. ಕೇಳಿಸುತ್ತಿದ್ದುದು ಎ.ಸಿ.ಯ ಗಾಳಿ ಮಾತ್ರ. ಸುಧೀರ ಕೈ ಚಾಚಿ ಅದನ್ನೂ ಬಂದ್ ಮಾಡಿದರು.